ಸುಗಲಮ್ಮನ ಫೋನ್ ನಂಬರ್

೨೦೦೭ನೇ ಇಸವಿ, ಫೆಬ್ರವರಿ ೧೮, ಭಾನುವಾರ, ಬೆಳಗ್ಗೆ ಏಳು ಗಂಟೆ ಮೂವತ್ತು ನಿಮಿಷ. ಹೈದರಾಬಾದಿನ ಮಲ್ಕಾಜ್‌ಗಿರಿಯ ಮನೆಯ ನಡುಕೋಣೆಯಲ್ಲಿ ಫೋನ್ ಹೊಡೆದುಕೊಂಡಾಗ ಚಂದ್ರಹಾಸ ಓದುತ್ತಿದ್ದ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಕಾದಂಬರಿ ಮುಚ್ಚಿದ. ಅಮೆರಿಕದ ಒಮಾಹಾ ಊರಿನಲ್ಲಿ ಆಗ ಶನಿವಾರ ರಾತ್ರಿ ಎಂಟು. ಅಲ್ಲಿಗೆ ಕಂಪೆನಿ ಕೆಲಸದ ಮೇಲೆ ಹೋಗಿದ್ದ ಹೆಂಡತಿ ಮಧುರಾ ಪ್ರತಿದಿನ ಇದೇ ಹೊತ್ತಿಗೆ ಫೋನ್ ಮಾಡುತ್ತಿದ್ದಳು.

"ಎದ್ದೀಯೇನು?"

"ಎದ್ದು ಚಹಾನೂ ಆತು."

"ಇಲ್ಲೆ ಹೊರಗ ಮೈನಸ್ ಹನ್ನೆರಡು ಐತಿ. ಬಟ್ಟಿ ಒಗ್ಯಾಕ ಕೆಳಗ ಹೋಗಿ ಬರೂದ್ರಾಗ ಈ ಮೂಗು ನಂದಲ್ಲ ಅನಸ್ತು. ಅದಿರಲಿ, ನಿನ್ನೆ ಕ್ಲಾಸಿನ್ಯಾಗ ಏನಾತು? ಸುಗಲಮ್ಮ ಬಂದಿದ್ಲೇನು?"

"ಬಂದಿದ್ಲು."

"ಗಂಡಗ ಇನ್ನೂ ಗೊತ್ತಿಲ್ಲ?"

"ಇಲ್ಲ. ಗುರುವಾರ ಭಜನಿ ಅಂತ ಹೇಳ್ತಾಳ. ನಿನ್ನೆ ಶನಿವಾರ ನೋಡು, ಹನಮಪ್ಪನ ಗುಡಿ ಅಂತ ಹೇಳಿ ಬಂದಿದ್ಲಂತ."

ಮಧುರಾ ನಕ್ಕಳು. "ಕೋರ್ಸ್ ಮುಗಿಯೂದ್ರಾಗ ಮೂವತ್ಮೂರು ಕೋಟಿ ದೇವ್ರೂ ಮುಗೀತಾವು. ಗೊಲ್ಲಾಳಪ್ಪ ಏನಂದ?"

"ಮೊದಲನೇ ಬೆಂಚಿನ್ಯಾಗ ಕುಂತು ನಿದ್ದಿ ಹೊಡದ. ಸರ್ ಎಬ್ಬಿಸಿ, ಏನರ ಅರ್ಥ ಆತೇನ್ರಿ ಅಂತ ಕೇಳಿದ್ರು. ನಿದ್ದಿಯೊಳಗ ಎಲ್ಲಾ ಅರ್ಥ ಆಗಿತ್ತು ಸರ್, ನೀವು ಎಬ್ಬಿಸಿ ಕೆಡಿಸಿದ್ರಿ ಅಂದ."

ಅವಳ ನಗು ತಂತಿಯಲ್ಲಿ ಒಂದು ಕ್ಷಣ ತಡವಾಗಿ ಬಂದು ತಲುಪಿತು. ಚಂದ್ರಹಾಸನೂ ನಕ್ಕ.

ಅಮೀರ್‌ಪೇಟೆಯ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಸುಗಲಮ್ಮ ಎಂಬ ಹೆಂಗಸು ಇರಲಿಲ್ಲ. ಗೊಲ್ಲಾಳಪ್ಪ ಎಂಬ ಗಂಡಸೂ ಇರಲಿಲ್ಲ. ಚಂದ್ರಹಾಸನೇ ಆ ಕಡೆ ಹೋಗದೆ ಮೂರು ತಿಂಗಳಾಗುತ್ತ ಬಂದಿತ್ತು.

"ಒಂದು ಕೆಲಸ ಐತಿ ನೋಡು," ಮಧುರಾ ಹೇಳಿದಳು. "ಸುಗಲಮ್ಮನ ಫೋನ್ ನಂಬರ್ ಬೇಕು."

"ಯಾಕ?"

"ನಮ್ಮ ಹೈದರಾಬಾದ್ ಆಫೀಸಿನ್ಯಾಗ ನಿತಿನ ಅಂತ ಅದಾನಲ್ಲ, ಟೆಸ್ಟಿಂಗ್ ಟೀಮ್ ನೋಡಿಕೊಳ್ಳಾಂವ. ಅವಗ ಹೊಸಬರು ಬೇಕಾಗ್ಯಾರ. ನಾ ಆಕಿ ಬಗ್ಗೆ ಎಲ್ಲಾ ಹೇಳಿದೆ. ಇಂಥಾಕಿನ್ನ ನಾ ಬಿಡಂಗಿಲ್ಲ, ಇಂಟರ್‌ವ್ಯೂಕ್ಕ ಕರೀತೀನಿ ಅಂದ. ನಾಳೆ ನಂಬರ್ ಕೊಡ್ತೀನಿ ಅಂದೀನಿ."

ಚಂದ್ರಹಾಸ ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡ. "ನೋಡ್ತೀನಿ," ಎಂದ.

"ಇನ್ನೊಂದು. ಸೋಮವಾರ ನಾ ಮ್ಯಾನೇಜರ್‌ಗೆ ಉತ್ತರಾ ಬರೀಬೇಕು. ಎರಡು ವರ್ಷ ಇರ್ತೀನೋ ಇಲ್ಲೋ ಅಂತ. ನಿನ್ನ ಕೋರ್ಸ್ ಮಾರ್ಚ್‌ದಾಗ ಮುಗದ್ರ ಏಪ್ರಿಲ್‌ದಾಗ ನೀನೂ ಇಲ್ಲೆ ಬರಬಹುದು. ಕೆಲಸನೂ ಹುಡುಕಬಹುದು. ಒಬ್ಬಾಕೀನ ಅಂದ್ರ ಎರಡು ವರ್ಷ ನನ್ನ ಕಡಿಂದ ಆಗೂದಿಲ್ಲ. ಹೂಂ ಅಂತ ಬರೀಲೇನು?"

"ನಾಳೆ ಮಾತಾಡೂಣು. ಇದ ಹೊತ್ತಿಗೆ."

"ನಾಳೆ ಮಾತಾಡಿದ್ರ ನನಗ ಒಂದ ರಾತ್ರಿ ಉಳೀತೈತಿ. ಮರೀಬ್ಯಾಡ. ನಂಬರೂ ಮರೀಬ್ಯಾಡ."

ಫೋನ್ ಇಟ್ಟ ಮೇಲೆ ಅವನು ಕೂತಲ್ಲೇ ಕೂತ. ನಾಳೆ ಬೆಳಗ್ಗೆ ಅವನು ಏನು ಹೇಳುತ್ತಾನೋ ಅದರ ಮೇಲೆ ಅವಳು ಎರಡು ವರ್ಷಕ್ಕೆ ಒಪ್ಪಿಕೊಳ್ಳುತ್ತಾಳೆ. ಕೋರ್ಸು ಮುಗಿಯುವುದಿಲ್ಲ, ಏಕೆಂದರೆ ಅದು ನಡೆಯುತ್ತಿಲ್ಲ. ಇಷ್ಟು ದಿನ ಸುಳ್ಳಿಗೆ ತೂಕ ಇರಲಿಲ್ಲ. ಅದರ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಈಗ ಅವಳು ತನ್ನ ಸಂಸಾರವನ್ನೇ ತಂದು ಅದರ ಮೇಲಿಡಲು ಹೊರಟಿದ್ದಳು.

ಚಂದ್ರಹಾಸ ಧಾರವಾಡದಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಸನತ್‌ನಗರದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವನ ಕೆಲಸ. ಪ್ರತಿ ಬ್ಯಾಚಿನ ಬಣ್ಣ ಎಷ್ಟು ಮಂದವಾಗಿದೆ, ಎಷ್ಟು ಹೊತ್ತಿಗೆ ಒಣಗುತ್ತದೆ, ಒಣಗಿದ ಮೇಲೆ ಎಷ್ಟು ಹೊಳೆಯುತ್ತದೆ ಎಂದು ಅಳೆದು ಸಹಿ ಮಾಡಬೇಕು. ಅಳೆಯದೆ ಸಹಿ ಮಾಡುವವರು ಆ ಲ್ಯಾಬಿನಲ್ಲಿ ಇದ್ದರು. ನಿನ್ನೆಯ ಬ್ಯಾಚಿಗೂ ಇವತ್ತಿನ ಬ್ಯಾಚಿಗೂ ವ್ಯತ್ಯಾಸವೇನೂ ಇರುವುದಿಲ್ಲ, ಅಂಕಿಯನ್ನು ಕೊನೆಯಲ್ಲಿ ಒಂದಿಷ್ಟು ಬದಲಾಯಿಸಿ ಬರೆದರೆ ಆಯಿತು ಎನ್ನುವುದು ಅವರ ವಾದ. ಚಂದ್ರಹಾಸ ಹಾಗೆ ಒಂದು ಸಲವೂ ಬರೆದಿರಲಿಲ್ಲ. ಇದಕ್ಕಾಗಿ ಅವನನ್ನು ಸಹೋದ್ಯೋಗಿಗಳು ಹರಿಶ್ಚಂದ್ರ ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಇರಲಿಲ್ಲ.

ಮಧುರಾಳನ್ನು ಕಂಪೆನಿ ಅಮೆರಿಕಕ್ಕೆ ಕಳಿಸುತ್ತದೆ ಎಂದು ಗೊತ್ತಾದಾಗ ಇಬ್ಬರೂ ಕೂತು ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದರು. ಅವಳು ಅಲ್ಲಿರುವಾಗ ಅವನು ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುವುದು. ತಪ್ಪು ಹುಡುಕೂ ಕೆಲಸ ಅಲ್ಲೇನು, ನೀ ಅದನ್ನ ಬಣ್ಣದ ಡಬ್ಬಿಯೊಳಗ ಮಾಡ್ತಿ, ನಾವು ಕಂಪ್ಯೂಟರ್‌ದಾಗ ಮಾಡ್ತೀವಿ ಎಂದು ಅವಳು ಹೇಳಿದ್ದಳು. ಆ ವರ್ಷ ಹೈದರಾಬಾದಿನಲ್ಲಿ ಇಂಥ ನಿರ್ಧಾರ ಮಾಡದ ಮನೆ ಕಡಿಮೆ. ಬ್ಯಾಂಕಿನವರು, ಮೇಷ್ಟರು, ಔಷಧಿ ಮಾರುವವರು ಎಲ್ಲರೂ ಸಂಜೆಯಾದರೆ ಅಮೀರ್‌ಪೇಟೆಯ ಬಸ್ ಹತ್ತುತ್ತಿದ್ದರು. ಅಲ್ಲಿ ಕಟ್ಟಡ ಕಾಣುತ್ತಿರಲಿಲ್ಲ, ಬೋರ್ಡುಗಳು ಮಾತ್ರ ಕಾಣುತ್ತಿದ್ದವು.

ಮೊದಲ ವಾರ ಅವನು ಹೋದ. ನೆಲಮಾಳಿಗೆಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅಕ್ಕಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ. ಪಾಠ ಕೆಟ್ಟದಾಗಿರಲಿಲ್ಲ. ಶನಿವಾರ ಪಾಠ ಮುಗಿಸಿದ ಮೇಲೆ ಮೇಷ್ಟರು ಬಯೋಡೇಟಾ ಬರೆಯುವುದು ಹೇಗೆ ಎಂದು ತಿಳಿಸಿದರು. "ಅಂದರೂ ಮೂಡು ಏಳ್ಳು ಎಕ್ಸ್‌ಪೀರಿಯನ್ಸ್ ಪೆಟ್ಟುಕೋಂಡಿ," ಎಂದರು. ಎಲ್ಲರೂ ಮೂರು ವರ್ಷದ ಅನುಭವ ಹಾಕಿಕೊಳ್ಳಿ. ಯಾವ ಕಂಪೆನಿ ಎಂದು ಯಾರೋ ಕೇಳಿದರು. "ಕಂಪೆನಿ ಪೇರು ಮೇಮಿಸ್ತಾಂ." ಹೆಸರು ನಾವು ಕೊಡುತ್ತೇವೆ. ಹಾಲಿನಲ್ಲಿದ್ದವರೆಲ್ಲ ತಲೆ ಬಗ್ಗಿಸಿ ಬರೆದುಕೊಂಡರು. ಚಂದ್ರಹಾಸ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಬಂದ. ಮತ್ತೆ ಹೋಗಲಿಲ್ಲ.

ಇದನ್ನು ಅವನು ಮರುದಿನವೇ ಹೇಳುವವನಿದ್ದ. ಆದರೆ ಆ ದಿನ ಮಧುರಾ ಫೋನಿನಲ್ಲಿ ಅಳುತ್ತಿದ್ದಳು. ಹೊಸ ಊರು, ಹಿಮ, ಮೀಟಿಂಗಿನಲ್ಲಿ ಅವಳ ಇಂಗ್ಲಿಷ್ ಅಲ್ಲಿಯವರಿಗೆ ತಿಳಿಯುತ್ತಿರಲಿಲ್ಲ, ಅವರದು ಅವಳಿಗೆ. ಅಳುವವಳಿಗೆ ಕೆಟ್ಟ ಸುದ್ದಿ ಏಕೆ ಎಂದು ಸುಮ್ಮನಾದ.

ಅದೇ ಸಂಜೆ ಮಹಡಿ ಮೇಲಿನ ಮನೆಯೊಡತಿ ಸುಭದ್ರಾ ಕಪಾಟು ಸರಿಸಿಕೊಡಲು ಕರೆದರು. ಹುಬ್ಬಳ್ಳಿಯವರು, ಗಂಡ ರೈಲ್ವೆ ಗಾರ್ಡ್ ಆಗಿದ್ದು ತೀರಿಕೊಂಡಿದ್ದರು. ಉಕ್ಕಿನ ಕಪಾಟು ಸರಿಯಲಿಲ್ಲ. ಬಾಗಿಲು ತೆಗೆದು ನೋಡಿದರೆ ಒಳಗೆ ಸೀರೆಗಳಿರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಕನ್ನಡ ಕಾದಂಬರಿಗಳು. ಹಳೆಯ ರೈಲ್ವೆ ಟೈಮ್‌ಟೇಬಲ್ಲಿನ ಹಾಳೆಗಳನ್ನು ರಟ್ಟಿಗೆ ಹೊದಿಸಿದ್ದರು. ಯಾವುದರ ಮೇಲೂ ಹೆಸರಿರಲಿಲ್ಲ. ಹೊರತೆಗೆದು ಇಡುವಾಗ ಅವನು ಒಂದನ್ನು ಬಿಡಿಸಿ ನಿಂತಲ್ಲೇ ಎರಡು ಪುಟ ಓದಿದ.

"ಒಯ್ಯಿ," ಎಂದಿದ್ದರು ಸುಭದ್ರಾ. "ಮಡಚಬ್ಯಾಡ. ಅರಿಷಿಣದ ಕೈಲೆ ಮುಟ್ಟಬ್ಯಾಡ."

ಅವನು ಅಲ್ಲಿಯವರೆಗೆ ಕಾದಂಬರಿ ಓದಿದವನಲ್ಲ. ನಡೆಯದ ಸಂಗತಿಯನ್ನು ನಡೆದಂತೆ ವರದಿ ಮಾಡುವುದು ಎಂದಷ್ಟೇ ಅವನಿಗೆ ಅದರ ಬಗ್ಗೆ ಇದ್ದ ಕಲ್ಪನೆ. ಆ ರಾತ್ರಿ ಊಟ ಮಾಡುತ್ತ ತೆರೆದವನು ಎಡಗೈಯಿಂದ ಪುಟ ತಿರುಗಿಸುತ್ತ, ಬಲಗೈ ತಟ್ಟೆಯಲ್ಲೇ ಒಣಗಿಸಿಕೊಂಡು ಕೂತಿದ್ದ. ಆಮೇಲೆ ಅವನ ದಿನಗಳಿಗೆ ಒಂದು ಹದ ಬಂತು. ಸನತ್‌ನಗರದಿಂದ ಲೋಕಲ್ ರೈಲು ಹಿಡಿದು ಸಿಕಂದರಾಬಾದಿಗೆ, ಅಲ್ಲಿಂದ ಬಸ್. ಬರುವ ದಾರಿಯಲ್ಲಿ ರೊಟ್ಟಿ, ಪಲ್ಯ ಕಟ್ಟಿಸಿಕೊಳ್ಳುವುದು. ಬಾಗಿಲು ಹಾಕಿ, ಲುಂಗಿ ಉಟ್ಟು, ಕಿಟಕಿ ಪಕ್ಕದ ಮಂಚದ ಮೇಲೆ ಎರಡು ದಿಂಬು ಏರಿಸಿಕೊಂಡು ಓದಲು ಕೂತರೆ ಆ ಕೋಣೆಯಲ್ಲಿ ಅವನೊಬ್ಬನೇ ಇರುತ್ತಿರಲಿಲ್ಲ. ನುಸಿಗುಳಿಗೆಯ ವಾಸನೆಯ ಆ ಹಾಳೆಗಳಲ್ಲಿ ಸಿಟ್ಟಿನ ಅತ್ತೆಯಂದಿರು, ಸಾಲಗಾರ ಮಾವಂದಿರು, ಹೇಳಬೇಕಾದ್ದನ್ನು ಹೇಳಲಾರದೆ ರೈಲು ಹತ್ತಿಸಿ ಬರುವ ಗಂಡಸರು ಇದ್ದರು. ದೂರದಲ್ಲಿ ಎಂಜಿನ್ ಬೋಗಿಗಳನ್ನು ಜೋಡಿಸುವ ಸದ್ದು ಕೇಳಿದಾಗ ಅದು ಪುಸ್ತಕದೊಳಗಿನದೋ ಹೊರಗಿನದೋ ಎಂದು ಅವನು ಒಂದು ಕ್ಷಣ ತಲೆ ಎತ್ತುತ್ತಿದ್ದ. ಇಷ್ಟು ಸುಖವಾಗಿ ಅವನು ಯಾವತ್ತೂ ಇದ್ದುದಿಲ್ಲ ಎಂದು ಅವನಿಗೇ ಅನಿಸಿತು. ಅನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಕ್ಲಾಸು ಹೇಗಾಯಿತು ಎಂದು ಮಧುರಾ ಮೊದಲ ಸಲ ಕೇಳಿದಾಗ ಅವನ ತಲೆಯಲ್ಲಿ ಕ್ಲಾಸು ಇರಲಿಲ್ಲ, ಆಗ ಓದುತ್ತಿದ್ದ ಕಾದಂಬರಿಯ, ಗಲ್ಲಾಪೆಟ್ಟಿಗೆಯ ಮೇಲೆ ನಿದ್ದೆ ಹೋಗುವ ಒಬ್ಬ ಖಾನಾವಳಿ ಮಾಲೀಕನಿದ್ದ. ಅವನನ್ನೇ ಎತ್ತಿ ಮೊದಲನೇ ಬೆಂಚಿನಲ್ಲಿ ಕೂರಿಸಿ ಗೊಲ್ಲಾಳಪ್ಪ ಎಂದು ಹೆಸರಿಟ್ಟ. ಹೋದಾಗಿನಿಂದ ನಗದಿದ್ದ ಮಧುರಾ ಅವತ್ತು ನಕ್ಕಳು. ಮರುದಿನ ಅವಳೇ ಗೊಲ್ಲಾಳಪ್ಪನನ್ನು ಕೇಳಿದಳು. ಕೆಲವು ದಿನಕ್ಕೆ ಸುಗಲಮ್ಮ ಬಂದಳು. ಅವಳು ಮುಖಪುಟ ಹರಿದ ಒಂದು ದಪ್ಪ ಕಾದಂಬರಿಯ ನಾಯಕಿ. ಆ ಪುಸ್ತಕದಲ್ಲಿ ಗಂಡನಿಗೆ ತಿಳಿಯದಂತೆ ಗುಡಿಗೆ ಹೋಗುತ್ತೇನೆಂದು ಹೇಳಿ ಟೈಪಿಂಗ್ ಕಲಿಯುತ್ತಿದ್ದಳು. ಟೈಪಿಂಗ್ ತೆಗೆದು ಟೆಸ್ಟಿಂಗ್ ಇಟ್ಟರೆ ಬೇರೇನೂ ಬದಲಾಯಿಸಬೇಕಾಗಿರಲಿಲ್ಲ. ಆ ಪುಸ್ತಕ ಎಲ್ಲಿ ಬೇಗ ಮುಗಿದುಬಿಡುತ್ತದೋ ಎಂದು ಅದನ್ನು ತಿಂಗಳುಗಟ್ಟಲೆ ಹನಿಹನಿಯಾಗಿ ಓದಿದ. ನಡುವೆ ಬೇರೆಯವನ್ನು ಓದಿದ. ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದ. ಯಾರು ಎಲ್ಲಿ ಕೂರುತ್ತಾರೆ, ಯಾರ ಊರು ಯಾವುದು, ಯಾರ ಮಗುವಿಗೆ ಯಾವಾಗ ಜ್ವರ. ಅವನ ಲ್ಯಾಬಿನ ಅಂಕಿಗಳಂತೆಯೇ ಅದರಲ್ಲಿಯೂ ಒಂದಕ್ಕೊಂದು ತಾಳೆಯಾಗದ್ದು ಏನೂ ಇರಲಿಲ್ಲ. ಇಲ್ಲದ ಮೂರು ವರ್ಷದ ಅನುಭವ ಬರೆಯಲಾರದೆ ಎದ್ದು ಬಂದವನು ಇಲ್ಲದ ಇಡೀ ಕ್ಲಾಸನ್ನೇ ಕಟ್ಟಿದ್ದ. ಇದು ಅವನಿಗೆ ಕಾಣದಿರಲಿಲ್ಲ. ನೋಡದೆ ಇರುವುದನ್ನು ಕಲಿತಿದ್ದ.

ಭಾನುವಾರ ಆ ಫೋನು ಮುಗಿದ ಮೇಲೆ ಹಾಲಿನ ಪೊಟ್ಟಣ ತೆಗೆದುಕೊಳ್ಳಲು ಹೊರಗೆ ಬಂದಾಗ ಸುಭದ್ರಾ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ತಮ್ಮಾ, ನಿನ್ನ ಕಿಟಕಿ ನನ್ನ ಮೆಟ್ಟಲಕ್ಕ ಹತ್ತಿಕೊಂಡೈತಿ," ಎಂದರು. "ಕಿವಿ ಮುಚ್ಚಿಕೊಂಡು ಮೆಂತ್ಯೆ ಸೋಸಾಕ ಬರಂಗಿಲ್ಲ."

ಚಂದ್ರಹಾಸ ಹಾಲಿನ ಪೊಟ್ಟಣ ಹಿಡಿದು ನಿಂತ.

"ಆ ಸುಗಲಮ್ಮ ಅನ್ನಾಕಿ, ನನ್ನ ಕಪಾಟಿನ್ಯಾಗಿನ ಟೈಪಿಂಗ್ ಹೆಣಮಗಳಲ್ಲೇನ?"

"ಹೌದ್ರಿ."

"ಗೊಲ್ಲಾಳಪ್ಪ ಅಂದ್ರ ಆ ಖಾನಾವಳಿಯಾಂವ."

"ಹೌದ್ರಿ."

"ಚೊಲೊ ಆತು. ಪುಸ್ತಕ ಮಡಚಬ್ಯಾಡ ಅಂದಿದ್ದೆ, ನೀ ಒಳಗಿನವರನ್ನ ಎಬ್ಬಿಸಿಕೊಂಡು ಹೋದಿ." ಅವರು ಒಂದು ಹಿಡಿ ಕಡ್ಡಿಯನ್ನು ಪಕ್ಕಕ್ಕೆ ಹಾಕಿದರು. "ಅದನ್ನ ಪೂರಾ ಓದೀಯೇನು?"

"ಇನ್ನೊಂದು ಮೂವತ್ತು ಪುಟ ಅದಾವ್ರಿ."

"ಹಂಗಾರ ಕೇಳು. ಗಂಡಗ ಗೊತ್ತಾಗ್ತೈತಿ. ಮಷಿನ್ ಮುಂದ ಕುಂತಾಕಿನ್ನ ಎಲ್ಲಾರ ಎದುರಿಗೆ ಎಳಕೊಂಡು ಹೋಗ್ತಾನ. ಮರುದಿನ ಆಕಿ ಬಾವ್ಯಾಗ ಸಿಗ್ತಾಳ. ನಿನ್ನ ಹೆಂಡ್ತಿಗೆ ಆ ಸುದ್ದಿ ಹೆಂಗ ಮುಟ್ಟಸ್ತಿ?"

ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಫೋನ್ ನಂಬರಿನ ವಿಷಯ, ಸೋಮವಾರದ ಉತ್ತರದ ವಿಷಯ ಹೇಳಿದ. ಸುಭದ್ರಾ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅದನ್ನ ನಾ ಓದಿದಾಗ ನಮ್ಮನಿಯವರು ಡ್ಯೂಟಿ ಮ್ಯಾಲೆ ಬಲ್ಲಾರ್ಷಾಕ್ಕ ಹೋಗಿದ್ರು. ಒಲಿ ಹಚ್ಚಲಿಲ್ಲ, ಅವಲಕ್ಕಿ ತಿಂದು ಓದಿದೆ. ಬಂದ ಮ್ಯಾಲೆ, ಏನ್ ಮಾಡಿದೀ ಅಂತ ಕೇಳಿದ್ರು. ಅರಬಿ ಒಗದೆ ಅಂದೆ. ಅವರು ಹೊರಗ ಹೋದ್ರ ನನಗ ಹಬ್ಬ ಆಗತಿತ್ತು ತಮ್ಮಾ. ಹಸಿರು ಬಾವುಟ ತೋರ್ಸಿ ಅವರು ಹೋದ್ರಂದ್ರ ನನ್ನ ಗಾಡಿನೂ ಬಿಟ್ಟಂಗ. ಅದನ್ನ ಅವರಿಗೆ ಒಂದಿನಾನೂ ಹೇಳಲಿಲ್ಲ."

"ನಾನೂ ಹೇಳಲಿಲ್ರಿ."

"ನಾ ಹೇಳಲಿಲ್ಲ, ಅಷ್ಟ. ನೀ ಬ್ಯಾರೇದು ಹೇಳಿದಿ. ಅದು ಬ್ಯಾರೆ, ಇದು ಬ್ಯಾರೆ."

"ಈಗ ಏನ್ ಮಾಡ್ಲಿರಿ?"

"ನನ್ನೇನ ಕೇಳ್ತಿ? ನಾ ಬರೇ ಕಪಾಟಿನಾಕಿ." ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದರು.

ಮಧ್ಯಾಹ್ನ ಚಂದ್ರಹಾಸ ಉಳಿದ ಮೂವತ್ತು ಪುಟ ಓದಿದ. ನಂಬರಿನ ತೊಂದರೆಗೆ ಅಲ್ಲೇನಾದರೂ ದಾರಿ ಸಿಗುತ್ತದೆಯೇ ನೋಡೋಣ ಎಂದು ಶುರುಮಾಡಿದ್ದ. ನಾಲ್ಕನೇ ಪುಟಕ್ಕೆ ನಂಬರು ಮರೆತಿತ್ತು. ಗಂಡ ಟೈಪಿಂಗ್ ಶಾಲೆಯ ಮೆಟ್ಟಿಲೇರುವ ಕಡೆ ಅವನು ಎದ್ದು ಕೂತ; ಬಾವಿಯ ಪ್ರಸಂಗದಲ್ಲಿ ಕಣ್ಣು ತುಂಬಿತು. ಮುಗಿಸಿ ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಮಲಗಿದಾಗ ಅವನಿಗೆ ತೃಪ್ತಿಯಾಗಿತ್ತು. ಸಾಯುವ ಹೆಂಗಸಿನ ಕಥೆ ಓದಿ, ಹೊಟ್ಟೆತುಂಬ ಊಟ ಮಾಡಿದವನ ಹಾಗೆ ಮಲಗಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು: ಕೆಲವು ದಿನಗಳಿಂದ ಬೆಳಗ್ಗೆ ಏಳೂವರೆಗೆ ಫೋನ್ ಬಂದಾಗ ಅವನಿಗೆ ಮೊದಲು ಆಗುತ್ತಿದ್ದುದು ಸಂತೋಷವಲ್ಲ, ಓದು ತಪ್ಪಿತಲ್ಲ ಎಂಬ ಬೇಸರ.

ದಾರಿ ಪುಸ್ತಕದಲ್ಲೇ ಇತ್ತು. ಸುಗಲಮ್ಮನ ಗಂಡನಿಗೆ ತಿಳಿಯಿತು, ಊರಿಗೆ ಕರೆದುಕೊಂಡು ಹೋದ, ಅವಳ ಫೋನ್ ಬಂದ್ ಆಗಿದೆ. ಬಾವಿ ಬೇಡ. ಇಷ್ಟು ಹೇಳಿದರೆ ನಂಬರು ಕೊಡಬೇಕಾಗಿಲ್ಲ, ನಿತಿನ ಸುಮ್ಮನಾಗುತ್ತಾನೆ. ಕೋರ್ಸಿನದು ಆಮೇಲೆ, ಪರೀಕ್ಷೆ ಮುಂದಕ್ಕೆ ಹೋಯಿತು ಎಂದರಾಯಿತು. ಸಂಜೆಯವರೆಗೆ ಅವನು ಆ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎಲ್ಲಿಯೂ ಸೋರುವಂತಿರಲಿಲ್ಲ.

ಸೋಮವಾರ ಬೆಳಗ್ಗೆ ಏಳೂವರೆಗೆ, ಒಮಾಹಾದಲ್ಲಿ ಇನ್ನೂ ಭಾನುವಾರ ರಾತ್ರಿ ಇರುವಾಗ, ಫೋನ್ ಬಂತು.

"ನಂಬರ್ ಸಿಕ್ತೇನು?"

"ಇಲ್ಲ. ನಿನ್ನೆ ಗೊಲ್ಲಾಳಪ್ಪ ಫೋನ್ ಮಾಡಿದ್ದ. ಸುಗಲಮ್ಮನ ಗಂಡಗ ಗೊತ್ತಾತಂತ. ಊರಿಗೆ ಕರಕೊಂಡು ಹೋಗ್ಯಾನಂತ. ಆಕಿ ಫೋನೂ ಬಂದ್ ಐತಂತ."

ತಂತಿ ಕಡಿಯಿತೇನೋ ಎಂದು ಅವನು ಎರಡು ಸಲ ಹೆಸರು ಹಿಡಿದು ಕರೆದ.

"ಹೊಡದಾನೇನು?" ಎಂದಳು ಮಧುರಾ.

"ಗೊತ್ತಿಲ್ಲ."

"ಹೊಡದಿರ್ತಾನ." ಅವಳ ಧ್ವನಿ ಒಡೆದಿತ್ತು. "ನಿನಗೊಂದು ಹೇಳಿಲ್ಲ ನಾ. ಡಿಸೆಂಬರ್‌ದಾಗ ನಾ ವಾಪಸ್ ಬರಾಕ ಟಿಕೆಟ್ ನೋಡಿ ಇಟ್ಟಿದ್ದೆ. ಮ್ಯಾನೇಜರ್‌ಗೆ ಮೇಲ್‌ನೂ ಬರದಿದ್ದೆ, ಕಳಿಸೂದೊಂದು ಬಾಕಿ ಇತ್ತು. ಅವತ್ತ ನೀ ಸುಗಲಮ್ಮನ ಸುದ್ದಿ ಹೇಳಿದಿ. ಆ ಹೆಣಮಗಳು ದೇವ್ರ ಹೆಸರು ಹೇಳಿ ಕದ್ದು ಕಲಿಯಾಕತ್ತಾಳ, ನಾ ವಿಮಾನದಾಗ ಬಂದು, ಹೀಟರ್ ಹಚ್ಚಿಕೊಂಡು ಅಳಕೋತ ಕುಂತೀನಲ್ಲ ಅಂತ ಅನಸ್ತು. ಮೇಲ್ ಅಳಿಸಿದೆ. ಆಮ್ಯಾಲೆ ಮೀಟಿಂಗಿನ್ಯಾಗ ಮಾತಾಡಾಕ ಹತ್ತಿದ್ದೂ ಆಕಿ ನೆನಪಿನಿಂದನ."

ಡಿಸೆಂಬರಿನಲ್ಲಿ ಅವಳು ಮನೆಗೆ ಬರುವವಳಿದ್ದಳು.

"ನೀ ಇವತ್ತ ರಜಾ ಹಾಕು," ಅವಳು ಹೇಳುತ್ತಲೇ ಇದ್ದಳು. "ಇನ್‌ಸ್ಟಿಟ್ಯೂಟಿಗೆ ಹೋಗಿ ಆಕಿ ವಿಳಾಸ ತಗೋ. ಗೊಲ್ಲಾಳಪ್ಪನ್ನ ಕರಕೊಂಡು ಆ ಊರಿಗೆ ಹೋಗು. ಪೊಲೀಸ್ ಸ್ಟೇಷನ್ನಿಗೂ ಹೋಗ್ರಿ. ಖರ್ಚು ಎಷ್ಟರ ಆಗ್ಲಿ. ಗೊಲ್ಲಾಳಪ್ಪ ಇದ್ರ ಧೈರ್ಯ ಇರ್ತೈತಿ—"

"ಮಧುರಾ."

"ಏನು?"

"ಸುಗಲಮ್ಮ ಇಲ್ಲ."

"ಅಂದ್ರ? ಸತ್ಲೇನು?"

"ಇಲ್ಲ. ಆಕಿ ಇರಲೇ ಇಲ್ಲ. ನಾ ಕ್ಲಾಸಿಗೆ ಹೋಗಿದ್ದು ಒಂದ ವಾರ. ಆಮ್ಯಾಲೆ ಮನ್ಯಾಗ ಕುಂತು ಕಾದಂಬರಿ ಓದೀನಿ. ಸುಭದ್ರಾ ಅವರ ಕಪಾಟಿನ್ಯಾಗಿನವು. ಆಕಿ ಒಂದು ಪುಸ್ತಕದಾಕಿ."

ಇಷ್ಟನ್ನು ಹೇಳಿದ ಮೇಲೆ ಉಳಿದದ್ದನ್ನು ಹೇಳುವುದು ಸುಲಭವಾಗುತ್ತದೆ ಎಂದು ಅವನು ಅಂದುಕೊಂಡಿದ್ದ. ಹಾಗಾಗಲಿಲ್ಲ. ಮೂರು ವರ್ಷದ ಸುಳ್ಳು ಅನುಭವದ ಮಾತು ಹೇಳಿದ, ಅವಳು ಅಳುತ್ತಿದ್ದ ದಿನದ ಮಾತು ಹೇಳಿದ. ಪ್ರತಿಯೊಂದೂ ಬಾಯಿಂದ ಹೊರಬಿದ್ದೊಡನೆ ನೆಪದಂತೆ ಕೇಳಿಸಿತು.

"ಗೊಲ್ಲಾಳಪ್ಪ?" ಎಂದಳು ಅವಳು.

"ಅವನೂ ಇಲ್ಲ."

"ಗೊಲ್ಲಾಳಪ್ಪನೂ ಇಲ್ಲ?"

"ಇಲ್ಲ."

"ನಾ ಇಲ್ಲೆ ಊಟಕ್ಕ ಕುಂತಾಗ ದಿನಾ ಅವನ ಮಾತು ಹೇಳ್ತಿದ್ದೆ. ಮಂದಿ ನಗತಿದ್ರು." ಮತ್ತೆ ಕೇಳಿದಳು: "ನಿನ್ನ ನೆನಪಾಗ್ತೈತಿ ಅಂತ ನೀ ಹೇಳ್ತಿದ್ದಿ ಅಲ್ಲ. ಅದು ಯಾವ ಪುಸ್ತಕದ್ದು?"

"ಅದು ಪುಸ್ತಕದ್ದಲ್ಲ."

"ನಿಜ ಏನು?"

ಹೂಂ ಎನ್ನುವುದು ಸುಲಭವಿತ್ತು. ಅವನು ಯೋಚಿಸಿ ಹೇಳಿದ. "ಮೊದಲ ತಿಂಗಳು ಪೂರಾ ನಿಜ. ಆಮ್ಯಾಲೆ ಎಲ್ಲಾ ದಿನ ಅಲ್ಲ. ಕೆಲವೊಂದಿನ ಓದಿಕೋತ ಕುಂತಾಗ ಮರತಿದ್ದೆ. ಸುಖ ಆಗಿತ್ತು."

ಇದಕ್ಕೆ ಅವಳು ಏನಾದರೂ ಅನ್ನುತ್ತಾಳೆ, ಬಯ್ಯುತ್ತಾಳೆ, ಫೋನ್ ಇಡುತ್ತಾಳೆ ಎಂದು ಕಾದ. ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು.

"ನಾ ಅಲ್ಲಿಲ್ಲದಾಗ ನಿನಗ ಸುಖ ಆತು. ಅದನ್ನ ನಾ ಆಮ್ಯಾಲೆ ನೋಡ್ತೀನಿ," ಎಂದಳು. "ಈಗ ನಾಳಿನ ಉತ್ತರದ್ದೈತಿ. ಹೂಂ ಅಂತ ಬರೀಲಿಕ್ಕೆ ನನ್ನ ಕೈಯಾಗ ಏನೈತಿ? ಇಲ್ಲ ಅಂತ ಬರದು ಆ ಮನಿಗೆ ಬರ್ಲಿಕ್ಕೂ ಏನೈತಿ? ನೀ ಮೂರು ತಿಂಗಳು ಹೇಳಿದ್ರಾಗ ಯಾವುದನ್ನ ಇಟ್ಟಕೊಳ್ಳಲಿ, ಯಾವುದನ್ನ ಬಿಡ್ಲಿ?"

"ಕೇಳು. ಏನ್ ಕೇಳ್ತೀಯೋ ಕೇಳು."

"ಕೇಳಿ ಏನ್ ಮಾಡ್ಲಿ? ನೀ ಭಾಳ ಚಂದ ಹೇಳ್ತಿ." ಆಮೇಲೆ, ತರಕಾರಿ ಏನು ತಂದೆ ಎಂದು ಕೇಳುವ ಧ್ವನಿಯಲ್ಲಿ, "ಸಂಪಿನ್ಯಾಗ ನೀರು ಎಷ್ಟೈತಿ?" ಎಂದಳು.

"ಯಾಕ?"

"ಎಷ್ಟೈತಿ ಹೇಳು."

"ನಿನ್ನೆ ನಳ ಬಂದಿತ್ತು. ಅರ್ಧದ ಮ್ಯಾಲೆ ಇರಬೇಕು—"

"ಇರಬೇಕು ಬ್ಯಾಡ. ಹೋಗಿ, ಮುಚ್ಚಳ ತಗದು, ಲ್ಯಾಬಿನ್ಯಾಗ ಮಾಡ್ದಂಗ ಅಳತಿ ಮಾಡಿ ಬಂದು ಹೇಳು. ನಾ ಹಿಡಕೊಂಡಿರ್ತೀನಿ."

ಅವನು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಹೊರಗೆ ಬಂದ. ಬಿಸಿಲು ಆಗಲೇ ಏರಿತ್ತು. ಅಂಗಳದ ಮೂಲೆಯಲ್ಲಿ ನೆಲದಡಿಯ ತೊಟ್ಟಿಯ ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಿಂದ ಎಳೆದು ಪಕ್ಕಕ್ಕಿಟ್ಟ. ಒಳಗಿನ ಕತ್ತಲೆಯಲ್ಲಿ ನೀರು ಇತ್ತು, ಎಷ್ಟೆಂದು ಕಾಣುತ್ತಿರಲಿಲ್ಲ. ಒಳಗಿಂದ ಮರದ ಮೀಟರ್ ಕೋಲು ತಂದು, ಮಂಡಿಯೂರಿ ಕೂತು, ತೋಳನ್ನು ಭುಜದವರೆಗೆ ಇಳಿಬಿಟ್ಟು ತಳ ಮುಟ್ಟುವವರೆಗೆ ನೇರವಾಗಿ ಇಳಿಸಿದ. ಎತ್ತಿ ಬೆಳಕಿಗೆ ಹಿಡಿದ. ಒದ್ದೆಯ ಗೆರೆ ಅಲುಗಾಡಿದ ನೀರಿನಿಂದ ಸ್ವಲ್ಪ ಓರೆಯಾಗಿತ್ತು. ಅಂಗಿಯ ತುದಿಯಿಂದ ಕೋಲು ಒರೆಸಿದ. ನೀರು ಶಾಂತವಾಗುವವರೆಗೆ ಕಾದು ಮತ್ತೊಮ್ಮೆ ಇಳಿಸಿದ. ಎರಡನೇ ಸಲ ಗೆರೆ ಸರಿಯಾಗಿ ಬಂತು.

ಒಳಗೆ ಬಂದು ಒದ್ದೆ ಕೈಯಿಂದ ರಿಸೀವರ್ ಎತ್ತಿಕೊಂಡ. ಅವಳ ಉಸಿರು ಕೇಳುತ್ತಿತ್ತು.

"ಹೇಳು," ಎಂದಳು.

"ಅರವತ್ತೇಳೂವರೆ ಸೆಂಟಿಮೀಟರ್."